ನಾಲ್ಕನೇ ಪ್ರತಿ

ಒಂದು ಅಸಲು, ಮೂರು ಕಾರ್ಬನ್.
ನಾಲ್ಕನೇ ಹಾಳೆಗೂ ಇಳಿಯುವ ಹಾಗೆ
ಕುಟ್ಟಬೇಕು ಕೀಲಿ, ಅನ್ನುತ್ತಿದ್ದರು ಹೆಡ್‌ಕ್ಲಾರ್ಕ್ ಗುರುಬಸವಯ್ಯ.
ಆಸ್ಪತ್ರೆಗೆ ಹೋಗುತ್ತಿದ್ದದ್ದು ಯಾವಾಗಲೂ ಆ ನಾಲ್ಕನೆಯದೇ.
ಮಸುಕು.

ತೊಂಬತ್ತೆರಡರ ಆಷಾಢ. ಶಿವಮೊಗ್ಗದ ಕಚೇರಿಯಲ್ಲಿ
ಹಗಲಿಗೇ ಟ್ಯೂಬ್‌ಲೈಟು.
ಕಂದು ಲಕೋಟೆಯಲ್ಲಿ ಬಂತು ಆ ಪದ: ಹೊಂದಾಣಿಕೆ.
ದೇಶದ ಖಜಾನೆ ಹೊಂದಿಕೊಳ್ಳುತ್ತಿದೆ, ಆದ್ದರಿಂದ ಮಿತವ್ಯಯ,
ಆದ್ದರಿಂದ ಈ ಕೆಳಕಂಡಂತೆ.
ನನಗೆ ಗೊತ್ತಿದ್ದ ಹೊಂದಾಣಿಕೆ ಎರಡೇ:
ಒಂದು, ಮದುವೆಗೆ ಮುಂಚೆ ಜಾತಕದಲ್ಲಿ ನೋಡುವುದು;
ಇನ್ನೊಂದು, ಭದ್ರಾವತಿ ಬಸ್ಸಿನಲ್ಲಿ
ಮೂವರ ಸೀಟಿಗೆ ನಾಲ್ಕನೆಯವರು ಬಂದು
'ಸ್ವಲ್ಪ ಅಡ್ಜಸ್ಟ್ ಮಾಡ್ಕಳಿ' ಅನ್ನುವುದು.

ದಿಲ್ಲಿಯಲ್ಲಿ ಬೆಲ್ಟು ಒಂದು ತೂತು ಬಿಗಿಯಾಯಿತಂತೆ,
ಬೆಂಗಳೂರಲ್ಲಿ ಇನ್ನೊಂದು.
ಇಲ್ಲಿಗೆ ಬರುವ ಹೊತ್ತಿಗೆ
ಬಿಗಿಯಲು ಸೊಂಟವೇ ಸಿಗಲಿಲ್ಲ.

ಕುಟ್ಟಿದೆ.
ಹೊರರೋಗಿ ಚೀಟಿಗೆ ಎರಡು ರೂಪಾಯಿ. ಎಕ್ಸ್‌ರೇಗೆ ಮೂವತ್ತು.
ಹಾಸ್ಟೆಲ್ ಮಕ್ಕಳ ಬೇಳೆ, ತಲಾ ಇಪ್ಪತ್ತು ಗ್ರಾಂ ಕಡಿತ
(ಯಾವ ತಕ್ಕಡಿ ತೂಗುತ್ತದೋ ಇಪ್ಪತ್ತು ಗ್ರಾಂ,
ಅಕ್ಕಸಾಲಿಯದು ಬಿಟ್ಟರೆ).
ಹೆರಿಗೆ ವಾರ್ಡಿನ ದಿನಗೂಲಿ ಆಯಾಗಳು:
ಹದಿನಾಲ್ಕಿದ್ದದ್ದು ನಾಲ್ಕು.

ಅಂಕಿಯಲ್ಲಿ ಹೊಡೆಯಬೇಕು. ೪.
ಹಾಳೆ ತೆಗೆದಾಗ ಇದ್ದದ್ದು ೧೪.
ಬೆರಳು ಜಾರಿತು ಅಂತ ಆಮೇಲೆ ಬರೆದುಕೊಟ್ಟೆ.
ಜಾರಿತ್ತೋ, ಇವತ್ತಿಗೂ ಗೊತ್ತಿಲ್ಲ.
ವರ್ಷದ ಹಿಂದೆ ಅದೇ ವಾರ್ಡಿನಲ್ಲಿ, ಕರೆಂಟು ಹೋದ ರಾತ್ರಿ,
ಹಾಲಮ್ಮ ಅನ್ನುವವಳು ನನ್ನ ಹಿಮ್ಮಡಿ ಉಜ್ಜಿದ್ದಳು
ಬೆಳಕು ಹರಿಯುವ ತನಕ.

ಸಾಹೇಬರು ಸಹಿ ಹಾಕಿದರು. ಓದಿ ಸಹಿ ಹಾಕುವವರು ಯಾರು?
ಮಳೆ ಹಿಡಿದು ದಸರೆ ದಾಟುವವರೆಗೆ
ಹದಿನಾಲ್ಕು ಹೆಂಗಸರು
ಆ ಒಂದರ ಬೆನ್ನಿಗೆ ನಿಂತು ಸಂಬಳ ಎಣಿಸಿಕೊಂಡರು.

ಕಾರ್ತಿಕದಲ್ಲಿ ಆಡಿಟ್ ಬಂತು. ಕೆಂಪು ಪೆನ್ಸಿಲಿನ ಮನುಷ್ಯ,
ಒಳ್ಳೆಯವನೇ, ನಮ್ಮ ಟೀ ಕೂಡ ಮುಟ್ಟುತ್ತಿರಲಿಲ್ಲ.
ಬೆಂಗಳೂರಿನ ಆದೇಶದ ಪಕ್ಕ ನನ್ನದನ್ನಿಟ್ಟು
ಆ ೧ರ ಸುತ್ತ ಒಂದು ಸೊನ್ನೆ ಎಳೆದ.
ಹತ್ತು ಜನ ಅದೇ ಸಂಜೆ ಮನೆಗೆ.
ಹೆಚ್ಚುವರಿ ಪಾವತಿ ವಸೂಲಾಗಬೇಕಲ್ಲ, ಯಾರಿಂದ?
ಹೋದವರು ಹೋದರು; ಪಟ್ಟಿಯಲ್ಲಿ ಕೈಗೆ ಸಿಕ್ಕಿದ್ದು ಉಳಿದ ನಾಲ್ವರು.
ತಿಂಗಳಿಗೆ ತೊಂಬತ್ತು ರೂಪಾಯಿಯಂತೆ, ತೀರುವವರೆಗೆ.
ನನಗೆ ಒಂದು ಮೆಮೊ, ಒಂದು ಇನ್‌ಕ್ರಿಮೆಂಟ್ ಖೋತಾ.

ಆ ವಸೂಲಿ ಆದೇಶವನ್ನೂ ನಾನೇ ಹೊಡೆದೆ.
ಒಂದೂ ತಪ್ಪಿಲ್ಲದೆ.
ನಾಲ್ಕನೇ ಪ್ರತಿಯಲ್ಲೂ ಅಕ್ಷರ ಎದ್ದು ಕಾಣುತ್ತಿತ್ತು.

ಒಂಬತ್ತು ವರ್ಷದ ಮೇಲೆ, ಭದ್ರಾವತಿ ಬಸ್ಸು.
ಕಿಟಕಿ ಬದಿಯಿಂದ ಹಾಲಮ್ಮನೇ ಕರೆದಳು:
'ಬನ್ನಿ ಅಮ್ಮಾರೆ, ಅಡ್ಜಸ್ಟ್ ಮಾಡ್ಕಳಣ.'
ಮಡಿಲಲ್ಲಿ ಊಟದ ಡಬ್ಬಿ. ಮುಂದಿನ ಎರಡು ಹಲ್ಲು ಹೋಗಿದ್ದವು.
ಆ ತೊಂಬತ್ತರ ಮಾತು ಅವಳೆತ್ತಲಿಲ್ಲ.
ನಾನೇ ಎತ್ತಲೇ ಅಂದುಕೊಂಡೆ ಹರಿಗೆಯಲ್ಲಿ, ಮಲವಗೊಪ್ಪದಲ್ಲಿ,
ನಿದಿಗೆ ಬಂದರೂ ಹೇಳುತ್ತಲೇ ಇದ್ದೆ
ಅವಳು ಉಜ್ಜಿದ ರಾತ್ರಿ ಹುಟ್ಟಿದ ಮಗಳ
ಕನ್ನಡದ ಮಾರ್ಕ್ಸು, ಗಣಿತದ ಮಾರ್ಕ್ಸು.

ಮಾಚೇನಹಳ್ಳಿಯಲ್ಲಿ ಇಳಿಯಬೇಕು ಅವಳು.
ಟಿಕೆಟ್ಟಿನ ಬೆನ್ನಿಗೆ ಕಂಡಕ್ಟರ್ ಗೀಚಿದ್ದ:
ಒಂದು ರೂಪಾಯಿ ಬಾಕಿ.
'ಚಿಲ್ಲರೆ ಇಲ್ಲಮ್ಮ, ಅಡ್ಜಸ್ಟ್ ಮಾಡ್ಕೊ.'
ಮೆಟ್ಟಿಲ ಮೇಲೊಂದು ಕಾಲು, ನೆಲದ ಮೇಲೊಂದು,
ಚಾಚಿದ ಕೈ ಹಾಗೇ.
ಬಸ್ಸು ನಿಂತೇ ಇತ್ತು. ಹಿಂದಿನ ಲಾರಿ ಹಾರ್ನು ಹೊಡೆಯಿತು.
ನಾನು ಪರ್ಸಿನ ಜಿಪ್ಪು ಎಳೆದೆ.

'ನೀವು ಕೂತ್ಕಳಿ ಅಮ್ಮಾರೆ' ಅಂದಳು,
ನನ್ನ ಕಡೆ ತಿರುಗದೆ.